ಮೈಬಿಸಿ

ಮಾರ್ಚ್ ಹದಿನೇಳು, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಮೂರನೆಯ ಮಹಡಿಯ ನಿವೃತ್ತ ಮೇಷ್ಟ್ರು ನಾಲಿಗೆಯಡಿ ಥರ್ಮಾಮೀಟರು ಇಟ್ಟುಕೊಂಡೇ ಪೈಪು ಸೋರುವ ದೂರು ಹೇಳತೊಡಗಿದ್ದರು.

"ಬಾಯಿ ಮುಚ್ಕೊಂಡ್ರೆ ಬೇಗ ಬಿಡುಗಡೆ, ಮೇಷ್ಟ್ರೇ," ಎಂದರು ಜಮಾದಾರರು. "ನಮ್ಮನೇಲಿ ನನಗೂ ಇದೇ ಕಾನೂನು."

ಇನ್ಸ್‌ಪೆಕ್ಟರು ನಗಲಿಲ್ಲ. ಪಾದರಸ ಮೂವತ್ತಾರೂವರೆಯಲ್ಲಿ ನಿಂತದ್ದನ್ನು ಜಮಾದಾರರಿಗೆ ತೋರಿಸಿ, ಕಡ್ಡಿ ಕೊಡವಿ, ಸ್ಪಿರಿಟ್ಟಿನಲ್ಲಿ ಒರೆಸಿ ಮೆಟ್ಟಿಲು ಹತ್ತಿದಳು.

ಕಾಲ ಪಹರೆಯೆಂದರೆ ಹೊರಗಿನವರು ಗುಂಡು ಹಾರಿಸುವ ಕೆಲಸವೆಂದುಕೊಳ್ಳುತ್ತಾರೆ. ಹೆಚ್ಚಿನ ದಿನ ಅದು ಇಷ್ಟೇ. ಕಾಲದಲ್ಲಿ ಹಿಂದಕ್ಕೆ ದಾಟಿ ಬಂದವರು ತಮ್ಮದೇ ಹಳೆಯ ಮೈಯಲ್ಲಿ ಬಂದು ನಿಲ್ಲುತ್ತಾರೆ. ಗುರುತು ಒಂದೇ, ಮೈಬಿಸಿ ಇಳಿದಿರುತ್ತದೆ. ಮೂವತ್ತೈದು ಡಿಗ್ರಿಗಿಂತ ಕೆಳಗಿದ್ದರೆ ದಾಟಿದವರೇ. ಮತ್ತೆ ಕಾವೇರಲು ಅರ್ಧ ದಿನ ಬೇಕು. ಇಂದು ಬೆಳಿಗ್ಗೆ ಆರೂವರೆಗೆ ಈ ಕಟ್ಟಡದೊಳಕ್ಕೆ ಯಾರೋ ಮುಂದಿನ ದಿನಗಳಿಂದ ಬಂದಿಳಿದಿದ್ದಾರೆಂದು ಕಚೇರಿಯ ಯಂತ್ರ ಹೇಳಿತ್ತು. ಸಿಕ್ಕರೆ ಸರಿಪಡಿಕೆ: ಅವರು ಬದಲಿಸಿದ್ದೆಲ್ಲ ಮೊದಲಿದ್ದಂತೆಯೇ ಆಗಬೇಕು. ಹೋದ ತಿಂಗಳು ಬಸ್ ಡ್ರೈವರನೊಬ್ಬ ಅಪಘಾತದಿಂದ ಹೆಂಡತಿಯನ್ನು ಉಳಿಸಿಕೊಂಡಿದ್ದ. ಸರಿಪಡಿಕೆಗೆ ಸಹಿ ಹಾಕಿದವಳು ಇವಳೇ. ಆ ಹೆಂಗಸು ಈರುಳ್ಳಿ ಹೆಚ್ಚುತ್ತಿದ್ದಳು. ಮಣೆಯ ಮೇಲೆ ಚಾಕು ಮಾತ್ರ ಉಳಿಯಿತು.

ನಾಲ್ಕನೆಯ ಮಹಡಿಯಲ್ಲಿ ಉಳಿದದ್ದು ಒಂದೇ ಮನೆ, ಅವಳದೇ. ಅಲ್ಲಿ ಅವಳೂ ಅಮ್ಮನೂ ಇಬ್ಬರೇ. ಜಮಾದಾರರು ಮಂಡಿ ಹಿಡಿದುಕೊಂಡು ಕೊನೆಯ ಮೆಟ್ಟಿಲ ಮೇಲೆ ಕೂತರು.

"ಹೋಗಿ ಬನ್ನಿ ತಾಯಿ. ಕಡ್ಡಿ ಮಾತ್ರ ನನಗೆ ತೋರಿಸ್ಬೇಕು, ಬರ್ಕೊಳ್ಳೋನು ನಾನು."

ಒಳಕೋಣೆಯಲ್ಲಿ ಅಮ್ಮ ಹೊಲಿಗೆ ಮೆಷಿನ್ನಿನ ಪಕ್ಕ ಎರಡು ಕಂಬಳಿ ಹೊದ್ದು ಕೂತಿದ್ದಳು. ಕಿಟಕಿಯಿಂದ ಬಿಸಿಲು ನೇರ ಮೈಮೇಲೆ ಬೀಳುತ್ತಿತ್ತು. ತುಟಿ ಮಾತ್ರ ನೀಲಿಗಟ್ಟಿತ್ತು.

ಬೆಳಿಗ್ಗೆ ಡ್ಯೂಟಿಗೆ ಹೊರಟಾಗ ಇದೇ ಅಮ್ಮ ತಲೆ ಸುತ್ತುತ್ತಿದೆಯೆಂದು ಬಾಗಿಲಲ್ಲಿ ಕುಸಿದು ಅವಳ ಕಾಲು ಹಿಡಿದುಕೊಂಡಿದ್ದಳು. ಕಾಲ್ಚೀಲದ ಮೇಲಿಂದಲೂ ಆ ಕೈ ತಣ್ಣಗೆ ತಾಗಿತ್ತು. ಇವಳು ರೇಗಿದ್ದಳು. ಅಮ್ಮನನ್ನು ಮಲಗಿಸಿ ಹೊರಡುವಷ್ಟರಲ್ಲಿ ತಡವಾಗಿತ್ತು. ದಾಳಿಗೆ ಹೊರಟಿದ್ದ ದಳ ಇವಳಿಗಾಗಿ ಒಂದು ಗೋದಾಮಿನ ಹೊರಗೇ ಕಾದಿತ್ತು. ಯಾರೂ ಒಳಗೆ ಕಾಲಿಡುವ ಮೊದಲೇ ಅಲ್ಲಿದ್ದ, ಕಾಲ ದಾಟಿಸುವ ಕಳ್ಳ ಯಂತ್ರ ಸಿಡಿದು ಚಾವಣಿ ಕುಸಿದಿತ್ತು. ಅದೃಷ್ಟವಂತೆ ಎಂದು ಎಲ್ಲರೂ ಬೆನ್ನು ತಟ್ಟಿದ್ದರು. ದಾಳಿಗಳಲ್ಲಿ ಮೊದಲು ಒಳನುಗ್ಗುವವಳು ಯಾವಾಗಲೂ ಇವಳೇ.

ಅವಳು ಬಾಗಿಲ ಪರದೆ ಎಳೆದಳು.

"ಯಾವತ್ತಿಂದ ಬಂದೆ ಅಮ್ಮ?" ಪಿಸುದನಿಯಲ್ಲಿ ಕೇಳಿದಳು.

ಅಮ್ಮ ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. "ಇಪ್ಪತ್ತನೇ ತಾರೀಖಿಂದ. ನಿನ್ನ ಯೂನಿಫಾರಂ ತಂದು ಕೈಗೆ ಕೊಟ್ರು ಕಣೆ. ಒಗೆದು, ಇಸ್ತ್ರಿ ಮಾಡಿ. ಒಂದು ಗುಂಡಿ ಕಿತ್ತೋಗಿತ್ತು. ಹೊಲಿಯೋಣ ಅಂತ ಕೂತೆ, ಆಗ್ಲಿಲ್ಲ."

ದಾರಿ ಯಾರು ತೋರಿಸಿದರೆಂದು ಅವಳು ಕೇಳಲಿಲ್ಲ. ಅಂಥ ಯಂತ್ರಗಳು ಊರಿನಲ್ಲಿ ಇನ್ನೂ ಎಷ್ಟಿವೆಯೆಂದು ಅವಳಿಗೆ ಗೊತ್ತಿತ್ತು. ಕೈ ರೂಢಿಯಂತೆ ಕಡ್ಡಿಯನ್ನು ಅಮ್ಮನ ಬಾಯಿಗಿಟ್ಟಿತು, ತೆಗೆಯಿತು. ಪಾದರಸ ಮೂವತ್ತಮೂರರ ಗೀಟನ್ನೂ ಮುಟ್ಟಿರಲಿಲ್ಲ.

"ಹೋಗು, ತೋರ್ಸು," ಎಂದಳು ಅಮ್ಮ. "ನಾನು ಮತ್ತೆ ಬರ್ತೀನಿ. ಎಷ್ಟು ಸಲ ಅಳಿಸ್ತಾರೋ ಅಳಿಸ್ಲಿ."

ಅವಳು ಕಡ್ಡಿ ಹಿಡಿದ ತನ್ನ ಬೆರಳುಗಳನ್ನೇ ನೋಡಿದಳು. ಈರುಳ್ಳಿ ಹೆಚ್ಚುತ್ತಿದ್ದವಳು ಮಾಯವಾಗತೊಡಗಿದ್ದು ಎಲ್ಲಿಂದ, ಬೆರಳ ತುದಿಯಿಂದಲೋ ಮುಖದಿಂದಲೋ, ನೆನಪಾಗಲಿಲ್ಲ. ಆಗ ತಾನು ಸರಿಯಾಗಿ ನೋಡಿಯೂ ಇರಲಿಲ್ಲ. ಸರಿಪಡಿಕೆಯಾದರೆ ಈ ಸಲ ಅಳಿಯುವವಳು ತಾನು. ಕಡ್ಡಿಯನ್ನು ಎರಡು ಸಲ ಬಲವಾಗಿ ಕೊಡವಿ ತನ್ನದೇ ನಾಲಿಗೆಯಡಿ ಇಟ್ಟು ತುಟಿ ಬಿಗಿದಳು. ಅಮ್ಮ ಕಣ್ಣರಳಿಸಿದಳು. ಪಾದರಸ ಏರಲು ಒಂದು ನಿಮಿಷವಾದರೂ ಬೇಕು.

"ಮೇಡಂ, ಆಯ್ತಾ?" ಹೊರಗಿನಿಂದ ಜಮಾದಾರರ ದನಿ.

ಅವಳು ಬಾಯಿ ತೆರೆಯುವಂತಿರಲಿಲ್ಲ. ಅಮ್ಮನೂ ಉತ್ತರಿಸುವಂತಿರಲಿಲ್ಲ, ಲೆಕ್ಕಕ್ಕೆ ಕಡ್ಡಿ ಇರಬೇಕಾದದ್ದು ಅಮ್ಮನ ಬಾಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಉಸಿರು ಹಿಡಿದು ಕೂತರು.

"ಮೇಡಂ?"

ಜಮಾದಾರರು ಎದ್ದ ಸದ್ದು ಕೇಳಿಸಿತು. ನರಳಿಕೆ, ಆಮೇಲೆ ಬೂಟು. ಒಂದು ಕಾಲು ಗಟ್ಟಿಯಾಗಿ, ಇನ್ನೊಂದು ಎಳೆದಂತೆ, ಹಜಾರ ದಾಟಿ ಬರುತ್ತಿತ್ತು. ಅವಳ ಹಲ್ಲು ಗಾಜಿಗೆ ಕಟಕಟ ತಾಗುತ್ತಿತ್ತು. ಒಡೆದರೆ ಮುಗಿಯಿತು ಎಂದುಕೊಂಡು ಕೆನ್ನೆಯನ್ನು ಕೈಯಿಂದ ಒತ್ತಿ ಹಿಡಿದಳು. ಬೂಟು ಬಾಗಿಲ ಪರದೆಯ ಆಚೆ ನಿಂತಿತು. ಪರದೆ ಅಲುಗಿತು. ಅವಳು ಕಡ್ಡಿಯನ್ನು ಸರ್ರನೆ ಎಳೆದುಕೊಂಡಳು.

ಜಮಾದಾರರು ಕಂಬಳಿಗಳನ್ನು ನೋಡಿದರು. ಅಮ್ಮನ ತುಟಿಯನ್ನೂ ನೋಡಿದರು.

"ಈ ಬಿಸಿಲಲ್ಲೂ ಚಳೀನಾ ತಾಯಿ?"

"ವಯಸ್ಸಾಯ್ತಲ್ಲಪ್ಪ," ಎಂದಳು ಅಮ್ಮ.

ಅವರು ಇನ್ಸ್‌ಪೆಕ್ಟರರ ಮುಖವನ್ನು ತುಸು ಹೆಚ್ಚೇ ಹೊತ್ತು ದಿಟ್ಟಿಸಿದರು. ಅವಳು ಕಡ್ಡಿ ಚಾಚಿದಳು. ಅವರು ಕನ್ನಡಕ ಏರಿಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಾದರಸದ ಗೆರೆ ಕಾಣುವ ತನಕ ನಿಧಾನವಾಗಿ ತಿರುಗಿಸಿದರು.

"ಮೂವತ್ತಾರು ಪಾಯಿಂಟ್ ಒಂಬತ್ತು," ಎಂದರು.