ಲೈನು ಸರಿಯಾಗಿದೆ

'ನಮ್ಮದೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಂಪತ್ ಕುಮಾರ ಕೆಮ್ಮಿ ಅದನ್ನು ಒಳಕ್ಕೆ ನುಂಗಿಕೊಂಡ.

ಮಳವಳ್ಳಿಯ ಠಾಣೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ರೈಲು ಹಳಿಯ ತುಂಡುಗಳನ್ನು ಅಡ್ಡಾದಿಡ್ಡಿ ಪೇರಿಸಿದ್ದರು. ಅವನು ಕುಕ್ಕರಗಾಲಲ್ಲಿ ಕೂತು ಮನೆಯ ಬೀಗದ ಕೈಯಿಂದ ಒಂದು ತುಂಡಿನ ತುಕ್ಕು ಕೆರೆದ. ಕೆರೆಯುವ ಅಗತ್ಯವೇನೂ ಇರಲಿಲ್ಲ. ಕಂಪನಿಯ ಹೆಸರಿನ ಇಂಗ್ಲಿಷ್ ಅಕ್ಷರಗಳು ಹಳಿಯ ಪಕ್ಕೆಯಲ್ಲಿ ಉಬ್ಬಿ ನಿಂತು ದೂರದಿಂದಲೇ ಕಾಣುತ್ತಿದ್ದವು. ಆದರೂ ಕೆರೆದ. ಕೆಲಸ ಮಾಡುವವನಂತೆ ಕಾಣಿಸಿಕೊಳ್ಳುವುದು ಅವನಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

"ಏನಂತೀರಿ?" ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕೂತೇ ಕೇಳಿದರು.

"ನೋಡ್ತಿದೀನಿ."

"ನೋಡಿ, ನೋಡಿ. ಮೊನ್ನೆ ದೇಶದ ರೈಲಿನೋರೆಲ್ಲ ಮುಷ್ಕರ ಹೂಡಿದ್ರು. ಅದೂ ಮುಗೀತು. ನಿಮ್ಮ ರೈಲಿನ ಮುಷ್ಕರ ಮಾತ್ರ ಮುಗಿಯೋ ಹಾಗೆ ಕಾಣಲ್ಲ."

ಸಂಪತ್ ಕುಮಾರ ನಕ್ಕ. ನಗಬಾರದಿತ್ತೇನೋ ಎಂದು ನಕ್ಕ ಮೇಲೆ ಅನ್ನಿಸಿತು.

ಅದೊಂದು ಖಾಸಗಿ ಸಕ್ಕರೆ ಕಂಪನಿಯ ಖಾಸಗಿ ರೈಲು. ಒಂದು ಕಾಲಕ್ಕೆ ಮಳವಳ್ಳಿ ಕಡೆಯ ಕಬ್ಬನ್ನು ಪುಟ್ಟ ಪುಟ್ಟ ಡಬ್ಬಿಗಳಲ್ಲಿ ತುಂಬಿ ಕಾರ್ಖಾನೆಗೆ ಎಳೆದೊಯ್ಯುತ್ತಿತ್ತು. ಲಾರಿಗಳು ಬಂದ ಮೇಲೆ ಇಂಜಿನ್ನು ಶೆಡ್ಡು ಸೇರಿತು. ಆದರೆ ಲೈನಿಗೆ ಜಮೀನು ಕೊಡುವಾಗ ರೈತರು ಒಂದು ಷರತ್ತು ಹಾಕಿದ್ದರು. ಹಳಿ ಇರುವ ತನಕ ಜಮೀನು ಕಂಪನಿಯದು, ಹಳಿ ಹೋದ ದಿನ ರೈತರದು. ಹಾಗಾಗಿ ಕಂಪನಿ ರೈಲು ನಿಲ್ಲಿಸಿದರೂ ಹಳಿ ಕೀಳಲಿಲ್ಲ. ಅವನ್ನು ನೋಡಿಕೊಳ್ಳಲು ಒಬ್ಬ ಬಿ.ಎಸ್ಸಿ. ಪಾಸಾದವನನ್ನು ನೇಮಿಸಿತು.

ಸಂಪತ್ ಕುಮಾರ ತಿಂಗಳಿಗೊಮ್ಮೆ ಮದ್ದೂರಿನಿಂದ ಮಂಡ್ಯದ ಆಫೀಸಿಗೆ ಹೋಗಿ, ಮ್ಯಾನೇಜರರ ಮೇಜಿನ ಮುಂದೆ ನಿಂತು, "ಲೈನು ಸರಿಯಾಗಿದೆ ಸಾರ್" ಎನ್ನಬೇಕು. ಅವರು ತಲೆಯೆತ್ತದೆ "ಗುಡ್" ಎನ್ನುತ್ತಾರೆ. ಮೊದಮೊದಲು ಅವನು ಲೈನಿನುದ್ದಕ್ಕೂ ನಡೆದು ನೋಡಿಯೇ ಹೇಳುತ್ತಿದ್ದ. ಆಮೇಲೆ ಕಾವಲುಗಾರ ಚಿಕ್ಕಬೋರಯ್ಯನನ್ನು ಕೇಳಿ ಹೇಳತೊಡಗಿದ. ಕ್ರಮೇಣ ಕೇಳುವುದನ್ನೂ ಬಿಟ್ಟ. ಮಾತು ಅದೇ ಆಗಿರುವಾಗ ಯಾರನ್ನು ಏಕೆ ಕೇಳಬೇಕು?

ಕೊನೆಯ ಸಲ ಅವನು ಬೆಳಕವಾಡಿಯ ಕಡೆ ಹೋದಾಗ ಒಂದು ಆಲೆಮನೆಯ ಚಪ್ಪರಕ್ಕೆ ಹಳಿಗಳನ್ನೇ ಕಂಬ ಮಾಡಿ, ಹಳಿಗಳನ್ನೇ ಜಂತೆ ಮಾಡಿ ನಿಲ್ಲಿಸಿದ್ದರು. ಕಬ್ಬನ್ನು ಕಾರ್ಖಾನೆಗೆ ಹೊರಬೇಕಾದ ಹಳಿ, ಕಾರ್ಖಾನೆಗೆ ಕಬ್ಬು ಕೊಡದೆ ಬೆಲ್ಲ ಮಾಡುವವರ ಸೂರು ಹೊತ್ತಿತ್ತು.

"ಇದೇನೋ ಚಿಕ್ಕಬೋರಯ್ಯ?"

"ಯಾರೋ ಇಟ್ಕಂಡವ್ರೆ ಬುದ್ದಿ. ಮಳೆಗಾಲ ಕಳೀಲಿ ಬುಡಿ, ತಗ್ಸಾನ."

ಅಷ್ಟರಲ್ಲಿ ಆಲೆಮನೆಯವನು ಮುತ್ತುಗದ ಎಲೆಯಲ್ಲಿ ಬಿಸಿಬೆಲ್ಲ ತಂದು ಕೈಗಿತ್ತ. ಸಂಪತ್ ಕುಮಾರ ತಿಂದ. ಥೂ, ಎಷ್ಟು ರುಚಿಯಾಗಿತ್ತು ಅದು! ಆಮೇಲೆ ಪ್ರತಿ ಸಂಕ್ರಾಂತಿಗೂ ಚಿಕ್ಕಬೋರಯ್ಯನ ಕೈಲಿ ಮನೆಗೆ ಅಚ್ಚುಬೆಲ್ಲ ಬರತೊಡಗಿತು. ಹೆಂಡತಿ ಗೋದಾ ಅದರಲ್ಲಿ ಪೊಂಗಲ್ ಮಾಡಿದಳು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಅವನು ಎಣಿಸಲಿಲ್ಲ.

ಎಣಿಸುವ ಗಳಿಗೆ ಈಗ ಬಂದಿತ್ತು. ಮದ್ದೂರಿನಲ್ಲಿ ಗುಜರಿ ಅಂಗಡಿ ಇಟ್ಟಿದ್ದ ನಯಾಜ್ ಪಾಷಾ ನಿನ್ನೆ ಎತ್ತಿನ ಗಾಡಿಯಲ್ಲಿ, ಹುಲ್ಲಿನ ಕೆಳಗೆ ಹಳಿ ಹೇರಿಕೊಂಡು ಹೋಗುತ್ತಿದ್ದಾಗ ಸಿಕ್ಕಿಬಿದ್ದು ಲಾಕಪ್ಪಿನಲ್ಲಿದ್ದ. ಹಳಿ ಕಂಪನಿಯದು ಎಂದು ಸಂಪತ್ ಕುಮಾರ ಒಂದು ಮಾತು ಹೇಳಿದರೆ ಪಾಷಾನಿಗೆ ಜೈಲು. ಆದರೆ ಮರುಗಳಿಗೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಹಾಗಾದರೆ ಲೈನು ಸರಿಯಾಗಿದೆ ಎಂದು ಹೋದ ತಿಂಗಳು ಹೇಳಿದವರು ಯಾರು? ಅಲ್ಲಿಗೆ ತನ್ನ ಕೆಲಸ ಹೋಯಿತು. ನಲವತ್ತು ಸಮೀಪಿಸಿದವನಿಗೆ, ಒಂದೇ ಒಂದು ವಾಕ್ಯ ಹೇಳಲು ಬರುವವನಿಗೆ, ಇನ್ನು ಯಾರು ಕೆಲಸ ಕೊಡುತ್ತಾರೆ?

ಬೆಳಿಗ್ಗೆ ಪೊಲೀಸರ ಜೀಪು ಇಳಿದಾಗ ಠಾಣೆಯ ಮೆಟ್ಟಿಲ ಬಳಿ ನಯಾಜ್ ಪಾಷಾನ ಹೆಂಡತಿ ತಾಹೇರಾ ಅಡ್ಡ ಬಂದಿದ್ದಳು. ಮುಖದ ಪರದೆ ಎತ್ತಿ ನೇರವಾಗಿ ನೋಡಿದ್ದಳು.

"ನಮ್ಮವರು ಕಳ್ಳರಲ್ಲ ಸಾರ್. ಕಾಸು ಕೊಟ್ಟು ತಗೊಂಡಿದ್ದು. ನೀವು ನಮಗೋಸ್ಕರ ಸುಳ್ಳು ಹೇಳೋದು ಬೇಡ. ನಿಜ ಹೇಳಿ, ಅಷ್ಟು ಸಾಕು."

"ನೋಡೋಣ" ಎಂದು ಪಕ್ಕಕ್ಕೆ ಸರಿದಿದ್ದ. ಅವಳು ಬೇರೆ ಏನನ್ನಾದರೂ ಕೇಳಿದ್ದರೆ ಚೆನ್ನಾಗಿತ್ತು.

ಇನ್ಸ್‌ಪೆಕ್ಟರು ಬೇಸತ್ತು ಚಿಕ್ಕಬೋರಯ್ಯನ ಕಡೆ ತಿರುಗಿದರು. ಅವನು ಟವಲು ಕಂಕುಳಿಗೆ ಸಿಕ್ಕಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದ.

"ನೀನು ಹೇಳಯ್ಯ. ಲೈನು ಹೆಂಗದೆ?"

"ನಂಗೇನ್ ಗೊತ್ತಾದದು ಬುದ್ದಿ? ನಮ್ ಸಾಯೇಬ್ರು ಎಂಗಂತಾರೋ ಅಂಗೆ."

ಅವನ ಮುಖದಲ್ಲಿ ಭಯದ ಸುಳಿವೂ ಇರಲಿಲ್ಲ. ಸಂಪತ್ ಕುಮಾರನಿಗೆ ಹೊಟ್ಟೆ ಉರಿಯಿತು. ತನ್ನನ್ನು ತನಗಿಂತ ಚೆನ್ನಾಗಿ ಬಲ್ಲವರಂತೆ ಇವರೆಲ್ಲ ನಿಂತಿದ್ದಾರಲ್ಲ ಎನ್ನಿಸಿತು. ನಿಜ ಹೇಳಿಬಿಟ್ಟರೆ? ಇವರ ಮುಖಗಳು ಹೇಗಾಗುತ್ತವೆ ಎಂದು ನೋಡುವುದಕ್ಕಾದರೂ? ಎದ್ದು ನಿಂತ. ಮಂಡಿ ಲಟಕ್ಕೆಂದಿತು.

"ನಮ್ಮದಲ್ಲ."

"ಅಕ್ಷರ ಕಾಣ್ತಿದೆಯಲ್ರೀ?"

"ಇಂಥ ಅಕ್ಷರ ಬೇಕಾದಷ್ಟು ಕಡೆ ಇರುತ್ತೆ."

"ಮತ್ತೆ ನಿಮ್ಮ ಲೈನು?"

"ಸರಿಯಾಗಿದೆ."

"ಪೂರ್ತಿ?"

"ಪೂರ್ತಿ."

ಇನ್ಸ್‌ಪೆಕ್ಟರು ಅವನನ್ನೇ ದಿಟ್ಟಿಸಿದರು. ಆಮೇಲೆ ಮೈಮುರಿದು ಎದ್ದರು. "ಮಾಲಿನ ಯಜಮಾನನೇ ನಂದಲ್ಲ ಅಂದ್ಮೇಲೆ ನನಗ್ಯಾಕ್ರೀ ಊರ ಉಸಾಬರಿ? ಬಿಡ್ರಯ್ಯ ಆ ಪಾಷಾನ."

ಸಂಪತ್ ಕುಮಾರ ಕೊಳಾಯಿಯಲ್ಲಿ ಕೈ ತೊಳೆದ. ಉಗುರಿನ ಸಂದಿಯ ತುಕ್ಕು ಹೋಗಲಿಲ್ಲ. ಪಾಪಪ್ರಜ್ಞೆಯಾದರೂ ಬರಲಿ ಎಂದು ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಹಸಿವಾಯಿತು.

ಗೇಟಿನಲ್ಲಿ ತಾಹೇರಾ ಕೈ ಜೋಡಿಸಿದಳು. ಅವಳ ಕಣ್ಣು ತುಂಬಿತ್ತು. "ನಿಜಕ್ಕೇ ಗೆಲುವು ಸಾರ್, ನನಗೆ ಗೊತ್ತಿತ್ತು. ಅಲ್ಲಾ ನಿಮ್ಮ ಮಕ್ಕಳನ್ನ ಚೆನ್ನಾಗಿಟ್ಟಿರ್ಲಿ."

ಅವನಿಗೆ ಮಕ್ಕಳಿರಲಿಲ್ಲ. ಅದನ್ನೂ ಹೇಳಲಿಲ್ಲ.

ಮದ್ದೂರಿನ ಬಸ್ಸಿನಲ್ಲಿ ತಾಹೇರಾ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ನಯಾಜ್ ಪಾಷಾ ಬಂದು ಸಂಪತ್ ಕುಮಾರನ ಪಕ್ಕದಲ್ಲೇ, ಕಿಟಕಿಯ ಕಡೆಗೆ ನುಸುಳಿ ಕೂತ. ಲಾಕಪ್ಪಿನ ವಾಸನೆ ಇನ್ನೂ ಅವನ ಬಟ್ಟೆಯಲ್ಲಿತ್ತು.

"ಉಪಕಾರ ಮರೆಯಲ್ಲ ಸಾರ್."

"ಇರಲಿ."

ಬಸ್ಸು ಊರು ದಾಟಿತು. ನಯಾಜ್ ಪಾಷಾ ಕಿವಿಯ ಹತ್ತಿರ ಬಗ್ಗಿದ.

"ಉಳಿದಿರೋದನ್ನ ಯಾವಾಗ ತಗೊಂಡು ಹೋಗ್ಲಿ?"

"ಏನು ಉಳಿದಿರೋದು?"

"ಹಳಿ ಸಾರ್. ಇನ್ನೂ ಅಲ್ಲಲ್ಲಿ ಐತೆ. ನೀವು ನಮ್ಮ ಕಡೆ ಅಂತ ಗೊತ್ತಿದ್ರೆ ಹುಲ್ಲು ಯಾಕೆ ಮುಚ್ತಿದ್ದೆ? ಹಗಲೊತ್ತೇ ತುಂಬ್ತಿದ್ದೆ."

ಛೀ, ಏಳಯ್ಯ ಮೇಲೆ, ಎಂದು ಗದರಬೇಕೆನ್ನಿಸಿತು. ಬಾಯಿ ತೆರೆದ. ಮುಂದಿನಿಂದ ತಾಹೇರಾ ತಿರುಗಿ, ದರ್ಗಾದ ಹಿರಿಯರನ್ನು ನೋಡುವ ಹಾಗೆ ಅವನನ್ನು ಗೌರವದಿಂದ ನೋಡಿದಳು.

"ಆಮೇಲೆ ನೋಡೋಣ" ಎಂದ.

ಕಬ್ಬಿನ ಗದ್ದೆಗಳ ನಡುವೆ ಬಸ್ಸು ಇದ್ದಕ್ಕಿದ್ದಂತೆ ನಿಧಾನಿಸಿ ನಿಂತಿತು. ರಸ್ತೆಯ ಬದಿಯಲ್ಲಿ ಇಂಜಿನ್ನಿನ ಚಿತ್ರವಿದ್ದ, ಬಣ್ಣ ಮಾಸಿದ ಬೋರ್ಡು. ಕಾವಲಿಲ್ಲದ ಕಡೆ ರೈಲು ದಾರಿ ದಾಟುವಾಗ ಕಂಡಕ್ಟರು ಇಳಿದು, ಎರಡೂ ಕಡೆ ನೋಡಿ, ಸೀಟಿ ಊದಿದ ಮೇಲೆಯೇ ಬಸ್ಸು ಬಿಡಬೇಕು. ಅದು ನಿಯಮ. ಹಳಿ ಕಿತ್ತ ಜಾಗದಲ್ಲಿ ಟಾರಿನಲ್ಲಿ ಎರಡು ಉದ್ದನೆಯ ಗುಂಡಿಗಳು ಮಾತ್ರ ಉಳಿದಿದ್ದವು.

"ಏನ್ಲಾ ಮರಿಸಿದ್ದ," ಹಿಂದಿನ ಸೀಟಿನಿಂದ ಒಬ್ಬ ಮುದುಕಿ ಕೂಗಿದಳು, "ಹಳೀನೇ ಇಲ್ಲ, ರೈಲೇನು ನಿಮ್ಮಪ್ಪನ ಮನೆಯಿಂದ ಬತ್ತದಾ? ಬುಡ್ಲಾ ಬಸ್ಸಾ!"

"ಸುಮ್ಕಿರಮ್ಮೋ," ಎಂದ ಕಂಡಕ್ಟರು ಮರಿಸಿದ್ದಯ್ಯ. "ಚೆಕ್ಕಿಂಗ್‌ನೋರು ನೋಡುದ್ರೆ ನನ್ ಕೆಲ್ಸ ಓಯ್ತದೆ. ಕಂಪನಿಯೋರು ಲೈನ್ ಐತೆ ಅನ್ನೋಗಂಟ ನಾನು ಇಳೀಲೇಬೇಕು. ಅಕಾ, ಸಾಯೇಬ್ರು ಇಲ್ಲೇ ಅವ್ರೆ, ಕೇಳು. ಸಾರ್, ಲೈನ್ ಐತಾ ಇಲ್ವಾ ಒಂದ್ ಮಾತು ಹೇಳ್ಬುಡಿ."

ಬಸ್ಸೆಲ್ಲ ತಿರುಗಿ ನೋಡಿತು. ತಾಹೇರಾ ನೋಡಿದಳು. ನಯಾಜ್ ಪಾಷಾ ಮೀಸೆಯ ಅಡಿಯಲ್ಲಿ ನಕ್ಕ. ಇಲ್ಲ ಎಂದರೆ ಈಗ ಯಾರಿಗೂ ಏನೂ ಆಗುವುದಿಲ್ಲ ಎಂದು ಸಂಪತ್ ಕುಮಾರನಿಗೆ ಗೊತ್ತಿತ್ತು. ಇಲ್ಲಿ ಪೊಲೀಸರಿಲ್ಲ, ಮ್ಯಾನೇಜರರಿಲ್ಲ.

"ಇದೆ" ಎಂದ.

ಮುದುಕಿ ಹಣೆ ಚಚ್ಚಿಕೊಂಡಳು. ಮರಿಸಿದ್ದಯ್ಯ ಇಳಿದು ಹೋಗಿ ಎರಡು ಗುಂಡಿಗಳ ನಡುವೆ ನಿಂತ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಎರಡು ಕಡೆಯೂ ಕಬ್ಬಿನ ನಡುವೆ ಬೈತಲೆಯ ಹಾಗೆ ಬರಿದಾದ ನೆಲ ಕಣ್ಣು ಹರಿಯುವಷ್ಟು ದೂರ ಹೋಗಿತ್ತು. ಅವನು ಸೀಟಿಯನ್ನು ಬಾಯಿಗೆ ಇಟ್ಟುಕೊಂಡ, ಊದಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಮತ್ತೆ ಬಲಗಡೆಗೇ ನೋಡತೊಡಗಿದ.

ಡ್ರೈವರು ಇಂಜಿನ್ನು ಆರಿಸಿದ. ಮಾತಾಡುತ್ತಿದ್ದವರು ಸುಮ್ಮನಾದರು. ಒಬ್ಬೊಬ್ಬರಾಗಿ ಎಲ್ಲರೂ ಕಿಟಕಿಯ ಕಡೆ ಬಗ್ಗಿದರು, ಮುದುಕಿಯೂ ಬಗ್ಗಿದಳು. ಸಂಪತ್ ಕುಮಾರ ನಯಾಜ್ ಪಾಷಾನ ಮೈಮೇಲೆಯೇ ವಾಲಿ, ಕಿಟಕಿಯ ಸರಳು ಹಿಡಿದು, ಕತ್ತು ಹೊರಗೆ ಚಾಚಿದ. ಖಾಲಿ ನೆಲದ ಕಡೆಗೆ ಕಿವಿಯಿಟ್ಟು, ಉಸಿರು ಬಿಗಿಹಿಡಿದು, ಅವನು ರೈಲಿನ ಸದ್ದಿಗೆ ಕಾದ.