ಇಪ್ಪತ್ತೊಂದು ಹೆಜ್ಜೆ

"ಒಂದರ ಕಲ್ಲು ಅದ ಏನಲೇ, ಬೋಳಿಮಗನ? ಒಂದರ ಹೆಸರು? ಸತ್ತ ನಾಯಿ ಎಲ್ಲಿ ಹುಗದೀವಿ ಅಂತ ಯಾರರ ಬರದಿಟ್ಕೋತಾರೇನು?"

ರೈಸ್ ಮಿಲ್ಲಿನ ಧಣಿ ದೊಡ್ಡಪ್ಪ ಹೀಗೆ ಕೇಳುವಾಗ ಸುಂಕಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಪೋತ್ನಾಳದ ಆಚೆಗಿನ ಆ ಊರಿನಲ್ಲಿ ಯಾರ ಮನೆಯ ಸಾವಾದರೂ ಕುಣಿ ತೋಡುವವನು ಅವನೇ. ದೊಡ್ಡಪ್ಪನ ಅಪ್ಪನ ಕುಣಿಯನ್ನೂ ಅವನೇ ತೋಡಿದ್ದ. ಅದರ ಮೇಲೀಗ ಗ್ರಾನೈಟ್ ಕಟ್ಟೆ ಇದೆ. ಸುಂಕಪ್ಪನ ಕೇರಿಯವರ ಹೆಣದ ಮೇಲೆ ಮಾತ್ರ ಕಲ್ಲು ನೆಡಬಾರದೆಂದು ದೊಡ್ಡಪ್ಪನ ಹಿರಿಯರೇ ಕಟ್ಟಪ್ಪಣೆ ಮಾಡಿದ್ದರು. ಅದನ್ನು ಈಗ ನೆನಪಿಸುವ ಧೈರ್ಯ ಯಾರಿಗಿತ್ತು?

ಕಲ್ಲಿಲ್ಲದ ಜನ ಹೆಜ್ಜೆ ಎಣಿಸಿಟ್ಟುಕೊಂಡರು. ಹಳ್ಳದ ದಂಡೆಯ ಸುಡುಗಾಡಿನಲ್ಲಿ ಒಂದು ಬೇವಿನ ಮರ. ಮರದಿಂದ ಮೂಡಲಕ್ಕೆ ಇಷ್ಟು, ತೆಂಕಲಕ್ಕೆ ಇಷ್ಟು ಎಂದು ಪ್ರತಿ ಮನೆಯವರೂ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರು. ಐದು ತಲೆಮಾರಿನ ಕೇರಿಯ ಚರಿತ್ರೆ ಅಂದರೆ ಅಷ್ಟೇ, ಬೇರೆಲ್ಲೂ ಬರೆದಿರಲಿಲ್ಲ. ಹೋದ ತಿಂಗಳು ಭತ್ತ ಒಣಗಿಸುವ ಕಣ ಬೇಕೆಂದು ದೊಡ್ಡಪ್ಪ ಆ ಮರವನ್ನು ಬೇರುಸಹಿತ ಕೀಳಿಸಿದ.

ಮಾನ್ವಿಯಿಂದ ಬಂದ ಸರ್ವೇಯರ್ ಅನಿಲಕುಮಾರ ಕೆಟ್ಟವನೇನಲ್ಲ. ಕಾಗದದಲ್ಲಿ ಇದು ಪಾಳು ಜಮೀನು; ಸುಡುಗಾಡು ಅನ್ನುವುದಕ್ಕೆ ಏನಾದರೂ ಗುರುತು ತೋರಿಸಿ, ಇಲ್ಲದಿದ್ದರೆ ನಾಳೆ ಜೆಸಿಬಿ ಇಳಿಯುತ್ತದೆ ಎಂದ.

ಸುಂಕಪ್ಪ ಮರ ಕಿತ್ತ ಜಾಗದ ಸಡಿಲ ಮಣ್ಣಿನ ಮೇಲೆ ನಿಂತ. ಅಲ್ಲಿಂದ ಮೂಡಲಕ್ಕೆ ಇಪ್ಪತ್ತೊಂದು ಹೆಜ್ಜೆ ಹೋದರೆ ಅವನ ಮಗಳು ದುರುಗಮ್ಮ. ಎಷ್ಟೋ ವರ್ಷಗಳ ಹಿಂದೆ, ಏಳು ವರ್ಷದ ಅವಳಿಗೆ ದೊಡ್ಡಪ್ಪನ ಗದ್ದೆಯಲ್ಲಿ ಸಸಿ ಹೊತ್ತು ಕೊಡುವಾಗ ಹಾವು ಕಚ್ಚಿತ್ತು. ದೊಡ್ಡಪ್ಪನ ಜೀಪು ಅಂಗಳ ಬಿಟ್ಟು ಕದಲಿರಲಿಲ್ಲ. ಸುಂಕಪ್ಪ ಎಣಿಸಿ ಅಗೆದ, ಬರೀ ಮಣ್ಣು. ಪಕ್ಕದಲ್ಲಿ ಅಗೆದ, ಅಲ್ಲೂ ಮಣ್ಣು. ದೊಡ್ಡಪ್ಪ ನಕ್ಕ. ಊರಿಗೆಲ್ಲ ಕುಣಿ ತೋಡಿದವನಿಗೆ ತನ್ನ ಮಗಳು ಸಿಗಲಿಲ್ಲ. ಎರಡನೆಯ ಸಲ ಅವಳನ್ನು ಕಳೆದುಕೊಂಡೆ ಅನ್ನಿಸಿ ಸುಂಕಪ್ಪ ಅಗೆದ ಮಣ್ಣಿನ ಮೇಲೆ ಕೂತುಬಿಟ್ಟ.

ಹೆಂಡತಿ ಮರಿಯಮ್ಮ ಬಂದು ರಟ್ಟೆ ಹಿಡಿದು ಎಬ್ಬಿಸಿದಳು.

"ಆಗ ನಿನಗ ಮೂವತ್ತು ಆಗಿದ್ದಿಲ್ಲ. ಹೆಜ್ಜಿ ದೊಡ್ಡವಿದ್ವು. ಈಗ ಮುದುಕನಂಗ ನಡದ್ರ ಮಗಳು ಹೆಂಗ ಸಿಗ್ತಾಳ?"

ಅವನು ಸೊಂಟದ ನೋವನ್ನು ಹಲ್ಲು ಕಚ್ಚಿ ತಡೆದುಕೊಂಡು, ಮಗಳನ್ನು ಎತ್ತಿಕೊಂಡು ನಡೆದ ದಿನದ ಹಾಗೆ ಕಾಲು ಚಾಚಿ ಹಾಕಿದ. ಇಪ್ಪತ್ತೊಂದು. ಸೊಂಟಮಟ್ಟ ಅಗೆದ ಮೇಲೆ ಗುದ್ದಲಿ ಪಕ್ಕಕ್ಕಿಟ್ಟು ಕೈಯಿಂದ ಕೆದರಿದ. ಒಂದು ಹಸಿರು ಗಾಜಿನ ಬಳೆ ಬಂತು, ಒಡೆಯದೆ. ಅದರೊಳಗೆ ಬೆರಳು ದಪ್ಪದ ಎಲುಬು. ಜಳಕ ಮಾಡಿಸಿದ ಮಗುವನ್ನು ಒರೆಸುವ ಹಾಗೆ ಮರಿಯಮ್ಮ ಸೆರಗಿನಿಂದ ಅದನ್ನು ಒರೆಸಿದಳು.

ಯಾರ ಎಲುಬೋ ಏನೋ ಎಂದ ದೊಡ್ಡಪ್ಪ.

"ನಿಮ್ಮ ಗದ್ದ್ಯಾಗ ಸತ್ತಾಕಿರಿ, ಧಣೇರ."

ಸುಂಕಪ್ಪ ಅವನ ಮುಖ ನೋಡಿ ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ದೊಡ್ಡಪ್ಪ ಫೋನ್ ತೆಗೆದು ಯಾರಿಗೋ ಹಚ್ಚಿದ.

ಸರ್ವೇಯರ್ ಕಣ್ಣು ತಪ್ಪಿಸಿ ಬರೆದುಕೊಂಡ: ಸಮಾಧಿ, ಒಂದು. ಇಷ್ಟು ಜಾಗ ಬಿಡಲು ಹೇಳುತ್ತೇನೆ, ಉಳಿದುದಕ್ಕೆ ಆಧಾರವಿಲ್ಲವಲ್ಲ ಎಂದ.

ಕೇರಿಯವರು ದಾರಿಯುದ್ದಕ್ಕೂ ನಿಂತಿದ್ದರು. ಮರಿಯಮ್ಮ ಬಳೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗುದ್ದಲಿ ಎತ್ತಿಕೊಂಡು ಮರ ಕಿತ್ತ ಜಾಗಕ್ಕೆ ಹೋದಳು.

"ಕುಂತು ಬರ್ಕೊಳ್ರಿ, ಸಾಹೇಬ್ರ. ನಮ್ಮತ್ತಿ. ತೆಂಕಲಕ್ಕ ಒಂಬತ್ತು."

ಅವಳು ನಡೆದಳು. ಹಿಂದೆಯೇ ಒಬ್ಬೊಬ್ಬರಾಗಿ ಕೇರಿಯವರು ಬಂದರು, ಕೈಯಲ್ಲಿ ಸಲಿಕೆ, ಕುರ್ಪಿ, ಸಿಕ್ಕಿದ್ದು. ಆ ಮಣ್ಣಿನ ಮೇಲೆ ನಿಂತು, ಅಳುತ್ತಲೇ ಹೆಜ್ಜೆ ಎಣಿಸುತ್ತ, ತಮ್ಮ ತಮ್ಮ ಸತ್ತವರನ್ನು ಅಗೆದು ತೆಗೆಯಲು ನಾಲ್ಕೂ ದಿಕ್ಕಿಗೆ ಹೊರಟರು.