ಐತ್ವಾರದ ಲೈನು

"ಏಳನೇತ್ತಾ ಪಾಸಾಗದ ಮಗಾ ಇಂಜಿನಿಯರ್ ಕೆಲಸಕ್ಕ ಕೈ ಹಾಕಿದರ ಹಿಂಗೇ ಆಗ್ತದ. ನಿನಗ ಎಮ್ಮಿ ಮೈ ತೊಳೀಲಿಕ್ಕರೆ ಬರ್ತದೇನು ಅಂತ ಮೊದಲ ಕೇಳಬೇಕಿತ್ತು ನಾ."

ಇಂಟರ್ನೆಟ್ ಅಂಗಡಿಯ ಮಾಲಕ ಚಂದ್ರಕಾಂತ ಇದನ್ನು ಮೆಲ್ಲಗೆ ಹೇಳಲಿಲ್ಲ. ಫೋನಿನ ರಿಸೀವರನ್ನು ಎತ್ತಿ ಬೆಂಚಿನ ಮೇಲೆ ಕೂತ ಹನ್ನೊಂದು ಮಂದಿಯ ಕಡೆ ತಿರುಗಿಸಿ ಹಿಡಿದ. ಅದರೊಳಗಿಂದ ಮೋಡೆಮ್ಮಿನ ಕಿರಕಿರ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಅದೇ ರಿಸೀವರಿನಿಂದ ಕೆಲಸದ ಹುಡುಗ ಪಂಢರಿಯ ನೆತ್ತಿಗೆ ಕುಕ್ಕಿದ. ಬೆಂಚಿನಲ್ಲಿ ಯಾರೋ ನಕ್ಕರು. ತುದಿಗೆ ಕೂತಿದ್ದ ಸುಭದ್ರಾಬಾಯಿ, ಪಂಢರಿಯ ತಾಯಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು.

ಔರಾದ ಬಸ್‌ಸ್ಟ್ಯಾಂಡಿನ ಎದುರಿನ ಆ ಖೋಲಿಯಲ್ಲಿ ಗಿರಾಕಿಗಳಿಗೆಂದು ಇದ್ದದ್ದು ನಾಲ್ಕು ಕಂಪ್ಯೂಟರು, ಎಲ್ಲಕ್ಕೂ ಸೇರಿ ಒಂದೇ ಫೋನು. ಮಳೆ ಕೈಕೊಟ್ಟು ಇದು ಎರಡನೇ ವರ್ಷ. ಸುತ್ತಲಿನ ಹಳ್ಳಿಗಳ ಗಂಡಸರು ಹೈದರಾಬಾದಿನಲ್ಲಿ ಎದ್ದೇಳುತ್ತಿದ್ದ ಬಿಲ್ಡಿಂಗುಗಳ ಕೆಲಸಕ್ಕೆ ಹೋಗಿದ್ದರು. ಐತ್ವಾರ, ರಜೆಯ ದಿನ, ಸಂಜೆ ನಾಲ್ಕರಿಂದ ಆರರವರೆಗೆ ಅವರೆಲ್ಲ ಇದೇ ನಂಬರಿಗೆ ಹಚ್ಚುತ್ತಿದ್ದರು; ಮನೆಯವರು ಬಂದು ಬೆಂಚಿನ ಮೇಲೆ ಕೂತಿರುತ್ತಿದ್ದರು. ಆ ಎರಡು ತಾಸು ಕಂಪ್ಯೂಟರು ಮುಟ್ಟುವಂತಿಲ್ಲ. ನಾಲ್ಕು ಹೊಡೆದ ಕೂಡಲೇ ಕಾಂತಾಬಾಯಿ ಎಂಬ ಹೆಂಗಸು ತಾನೇ ಎದ್ದು ನಾಲ್ಕೂ ಕೀಬೋರ್ಡುಗಳ ಮೇಲೆ ಟವೆಲು ಹಾಸುತ್ತಿದ್ದಳು. ಕೈ ಮುಟ್ಟದಿದ್ದರೆ ಯಂತ್ರ ಏನನ್ನೂ ಕೇಳುವುದಿಲ್ಲ, ಕೇಳದಿದ್ದರೆ ಲೈನು ಖಾಲಿ. ಹಾಗಂತ ಎಲ್ಲರಿಗೂ ಹೇಳಿಕೊಟ್ಟವನು ಪಂಢರಿಯೇ.

ಮೂಲೆಯಲ್ಲಿದ್ದ ಐದನೇ ಹಳೆಯ ಕಂಪ್ಯೂಟರು, ನಾಲ್ಕಕ್ಕೂ ಲೈನು ಹಂಚುವ ಪೆಟ್ಟಿಗೆ, ಅವನದು. ಬೀದರಿನ ನೌಬಾದದ ಒಂದು ಅಂಗಡಿಯಲ್ಲಿ ಕಸ ಗುಡಿಸುತ್ತ, ಬೇರೆಯವರ ಬೆರಳು ನೋಡುತ್ತ ಲಿನಕ್ಸ್ ಕಲಿತಿದ್ದ. ಪುಸ್ತಕದ ಇಂಗ್ಲಿಷನ್ನು ಹಲ್ಲಿನಲ್ಲಿ ಕಬ್ಬು ಸಿಗಿದಂತೆ ಸಿಗಿದು ಓದಿದ್ದ. ಯಾರಾದರೂ ಇಂಟರ್ನೆಟ್ ಕೇಳಿದರೆ ಆ ಪೆಟ್ಟಿಗೆ ತಾನೇ ನಂಬರು ತಿರುಗಿಸುತ್ತಿತ್ತು. ಐದು ನಿಮಿಷ ಯಾರೂ ಏನೂ ಕೇಳದಿದ್ದರೆ ತಾನೇ ಲೈನು ಬಿಡುತ್ತಿತ್ತು. ಬೀದರಿನಿಂದ ಭಾಲ್ಕಿಯವರೆಗೆ ಇಂಥದ್ದನ್ನು ಕಟ್ಟಿದವರು ಯಾರೂ ಇಲ್ಲ ಎಂದು ಅವನು ಎದೆ ತಟ್ಟಿ ಹೇಳಿಕೊಂಡದ್ದೂ ಇತ್ತು.

ಈಗ ಅದೇ ಪೆಟ್ಟಿಗೆ ಯಾರೂ ಮುಟ್ಟದೆಯೇ ನಂಬರು ಹಚ್ಚುತ್ತಿತ್ತು. ರಿಸೀವರ್ ಎತ್ತಿದರೆ ಲೈನು ಕಡಿಯುತ್ತಿತ್ತು, ಕೆಳಗಿಟ್ಟ ಎರಡು ನಿಮಿಷಕ್ಕೆ ಮತ್ತೆ ಹಚ್ಚುತ್ತಿತ್ತು. ಹೋದ ಐತ್ವಾರವೂ ಹೀಗೇ ಆಗಿತ್ತು. ಆ ದಿನ ಬರಬೇಕಾಗಿದ್ದ ಫೋನು ಪಂಢರಿಯ ಅಣ್ಣ ಏಕನಾಥನದು.

ಅದರ ಹಿಂದಿನ ವಾರ ಏಕನಾಥ ಮೇಸ್ತ್ರಿಯ ಕಿವಿ ತಪ್ಪಿಸಿ ಫೋನಿನಲ್ಲಿ ಪಿಸುಮಾತಿನಲ್ಲಿ ಹೇಳಿದ್ದ: "ಮೇಸ್ತ್ರಿ ಮಂದಿ ರಾತ್ರಿ ಕೀಲಿ ಹಾಕ್ತಾರ. ಊರಿಗಿ ಹೋಗ್ತೇನಂದಂವಗ ಕಬ್ಬಿಣದ ರಾಡಿಲೆ ಹೊಡದಾರ, ಕಣ್ಣಾರೆ ನೋಡೇನಿ. ಬರೋ ಐತ್ವಾರ ನಾನೂ ನನ್ನ ಜೋಡಿ ಕೆಲಸ ಮಾಡೋ ಸುಭಾನನೂ ಗೋಡಿ ಹಾರಿ ಹೊರಗ ಬೀಳ್ತೇವಿ. ಎಲ್ಲಿ ನಿಂತೇವಿ ಅಂತ ಫೋನಿನ್ಯಾಗ ಹೇಳ್ತೇನಿ. ನೀ ನಾಕ ಮಂದಿ ಕರಕೊಂಡು ಜೀಪ್ ತಗೊಂಡು ಬಾ."

ಜೀಪು ಗೊತ್ತು ಮಾಡಿ ಆಗಿತ್ತು. ಫೋನು ಬರಲಿಲ್ಲ. ಆ ದಿನ ಸುಭದ್ರಾಬಾಯಿ ಮಗನ ಬೆನ್ನ ಹಿಂದೆ ಬಂದು ನಿಂತು, "ಆ ಪೆಟ್ಟಿಗಿ ವೈರ್ ಕಿತ್ತು ಒಗೀ ತಮ್ಮಾ," ಅಂದಿದ್ದಳು.

"ಕಿತ್ತರ ಕಳ್ಳ ಸಿಗಂಗಿಲ್ಲವ್ವ. ಕಳ್ಳ ಮನಿಯಾಗ ಇದ್ದಾಗೇ ಹಿಡೀಬೇಕು. ಐದು ನಿಮಿಷ ತಡಿ," ಅಂದಿದ್ದ ಪಂಢರಿ. ಐದು ನಿಮಿಷ ಎರಡು ತಾಸಾಯಿತು. ಕಳ್ಳ ಸಿಗಲಿಲ್ಲ.

ವಾರಪೂರ್ತಿ ಅವನು ಹುಡುಕಿದ್ದು ತನ್ನ ಪೆಟ್ಟಿಗೆಯಲ್ಲೇ. ತನ್ನ ಗಡಿಯಾರ ಸರಿಪಡಿಸಿಕೊಳ್ಳಲು ಅದೇ ಇಂಟರ್ನೆಟ್ ಕೇಳುತ್ತಿದೆಯೇನೋ ಎಂದು ಅದನ್ನು ನಿಲ್ಲಿಸಿದ. ಈಮೇಲಿನ ಟಪಾಲು ಹುಡುಕುತ್ತಿದೆಯೇನೋ ಎಂದು ಆ ಪ್ರೋಗ್ರಾಮನ್ನೂ ಕೊಂದ. ತಾನು ಬರೆದ ಒಂದೊಂದು ಸಾಲನ್ನೂ ಅನುಮಾನಿಸಿದ. ಉಳಿದ ನಾಲ್ಕು ಸಿಸ್ಟಮ್ಮುಗಳನ್ನು ಜೋಡಿಸಿದವನು ಚಂದ್ರಕಾಂತನ ಹೆಂಡತಿಯ ತಮ್ಮ ಗೋವಿಂದ, ಬೀದರಿನಲ್ಲಿ ಇಂಜಿನಿಯರಿಂಗ್ ಓದಿದವನು. ಅತ್ತ ಕಣ್ಣು ಹಾಯಿಸಬೇಕು ಎಂಬುದು ಪಂಢರಿಗೆ ಹೊಳೆದಿರಲೇ ಇಲ್ಲ. ತಪ್ಪು ಎಂದಮೇಲೆ ಅದು ಸಾಲಿ ಬಿಟ್ಟವನದೇ ಇರಬೇಕಲ್ಲ.

ಈಗ ನೆತ್ತಿ ಚುರುಗುಟ್ಟುತ್ತಿತ್ತು. ಮುಟ್ಟಿ ನೋಡಿಕೊಂಡರೆ ಬೆರಳಿಗೆ ರಕ್ತ. ಅದೇ ಬೆರಳಿನಿಂದ ಅವನು ತನ್ನ ಪೆಟ್ಟಿಗೆಯ ಕೀಬೋರ್ಡು ಬಡಿಯತೊಡಗಿದ.

"ನೋಡ್ರಿ, ಸಜ್ಜಿ ರೊಟ್ಟಿ ಬಡದಂಗ ಬಡೀಲತಾನ," ಅಂದ ಚಂದ್ರಕಾಂತ. ಮತ್ತೆ ನಗೆ.

ತಿರುಗಿ ಅವನ ಗಂಟಲು ಹಿಡಿಯಬೇಕು ಎನ್ನುವ ಆಸೆ ಪಂಢರಿಯ ಎರಡೂ ಕೈಗಳಲ್ಲಿ ಬಂದು ಕೂತಿತು. ಹಲ್ಲು ಕಚ್ಚಿ ಕೈಗಳನ್ನು ಕೆಲಸಕ್ಕೆ ಹಚ್ಚಿದ. ತನ್ನದನ್ನೆಲ್ಲ ಕೊಂದಾಯಿತು, ಆದರೂ ಮೋಡೆಮ್ಮಿನ ದೀಪ ಮಿನುಗುತ್ತಲೇ ಇದೆ. ಹಾಗಾದರೆ ಕೇಳುತ್ತಿರುವವರು ಯಾರು? ವೈರಿನಲ್ಲಿ ಹೋಗುವುದನ್ನೆಲ್ಲ ತೋರಿಸು ಎಂದು ಯಂತ್ರಕ್ಕೆ ಹುಕುಂ ಕೊಟ್ಟ. ಪರದೆ ಕಪ್ಪಗಿತ್ತು. ಆಮೇಲೆ ಒಮ್ಮೆಲೇ ಸಾಲುಗಳು ಹರಿದವು, ನಿಂತವು. ಸರಿಯಾಗಿ ಎರಡು ನಿಮಿಷಕ್ಕೆ ಮತ್ತೆ ಹರಿದವು. ಪ್ರತಿ ಸಾಲಿನ ತಲೆಯಲ್ಲಿ ಕೇಳಿದ ಸಿಸ್ಟಮ್ಮಿನ ನಂಬರು. ಪ್ರತಿ ನಂಬರಿನ ಕೊನೆಗೆ ಮೂರು.

ಅವನು ಮೂರನೇ ಸಿಸ್ಟಮ್ಮಿನ ಮುಂದೆ ಹೋದ. ಕೀಬೋರ್ಡಿನ ಮೇಲೆ ಟವೆಲು, ಮಾನಿಟರು ಬಂದ್. ಮೇಜಿನ ಕೆಳಗೆ ಡಬ್ಬಿ ಮಾತ್ರ ಗುಂಯ್‌ಗುಡುತ್ತಿತ್ತು. ಮಾನಿಟರಿನ ಗುಂಡಿ ಒತ್ತಿದ. ಪರದೆ ನಿಧಾನಕ್ಕೆ ಬೆಳಗಿತು. ಕ್ರಿಕೆಟ್ ಸ್ಕೋರು. ವರ್ಲ್ಡ್‌ಕಪ್ ನಡೆದಿತ್ತು. ಅವನು ನೋಡುತ್ತಿದ್ದಂತೆಯೇ ಪುಟ ತಾನಾಗಿ ಅಳಿಸಿಕೊಂಡು ಮತ್ತೆ ಬರೆದುಕೊಂಡಿತು. ಇನ್ನೊಂದು ವಿಕೆಟ್ ಬಿದ್ದಿತ್ತು.

ಗೋವಿಂದ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದ. "ನಾ ಎಲ್ಲಿ ಮುಟ್ಟೇನಿ? ಟವೆಲ್ ಹಾಕೇ ಅದ ನೋಡು. ಮಾನಿಟರೂ ಬಂದ್ ಮಾಡೇನಿ."

"ಹೋದ ಐತ್ವಾರ?"

"ಹೋದ ಐತ್ವಾರನೂ ಮ್ಯಾಚ್ ಇತ್ತಲ್ಲೋ. ಅದು ತಾನೇ ಬದಲಾಗ್ತದಪಾ, ಅದಕ್ಕ ನಾ ಏನ್ ಮಾಡ್ಲಿ?"

ಕಪ್ಪು ಒಡೆದ ಸದ್ದು ಕೇಳಿದ ಮೇಲೆಯೇ ತಾನು ಹೊಡೆದದ್ದು ಪಂಢರಿಗೆ ಗೊತ್ತಾದದ್ದು. ಎರಡನೇ ಏಟು ಗೊತ್ತಿದ್ದೇ ಹೊಡೆದ. ಕಾಲರು ಹಿಡಿದು ಎಳೆತಂದು ಗೋವಿಂದನ ಮುಖವನ್ನು ಮೇಜಿನ ಅಂಚಿಗೆ ಜಜ್ಜಿದ. "ನೋಡು. ಸ್ಕೋರ್ ನೋಡು. ಎಷ್ಟಾಗ್ಯಾದ ಓದು." ಮತ್ತೆ ಜಜ್ಜಿದ. ಬಿಳಿ ಟವೆಲಿನ ಮೇಲೆ ರಕ್ತ, ಅದರೊಳಗೆ ಒಂದು ಹಲ್ಲು. ಕಾಂತಾಬಾಯಿ, "ಸಾಯ್ತಾನೋ, ಬಿಡೋ ಅಂವಗ," ಎಂದು ಪಂಢರಿಯ ಅಂಗಿ ಜಗ್ಗಿದಳು. ಅಂಗಿ ಬೆನ್ನುದ್ದ ಹರಿಯಿತು. ಚಂದ್ರಕಾಂತ ಸ್ಟೂಲೆತ್ತಿ ಅವನ ಭುಜಕ್ಕೆ ಬೀಸಿದ. ಪಂಢರಿ ಗೋವಿಂದನನ್ನು ಬಿಟ್ಟು, ಮೂರನೇ ಸಿಸ್ಟಮ್ಮಿನ ವೈರನ್ನು ಗೋಡೆಯಿಂದ ಸಾಕೆಟ್ಟು ಸಮೇತ ಕಿತ್ತ. ಅದನ್ನೇ ಮುಂಗೈಗೆ ಸುತ್ತಿಕೊಂಡು ಚಂದ್ರಕಾಂತನ ಕಡೆ ತಿರುಗಿದ.

"ಇನ್ನೊಮ್ಮೆ ಹೇಳ್ರಿ ಸರ. ಏಳನೇತ್ತಾ ಅನ್ರಿ ಇನ್ನೊಮ್ಮೆ."

ಚಂದ್ರಕಾಂತ ಗೋಡೆಗೆ ಒತ್ತಿ ನಿಂತ. ಬೆಂಚಿನವರೆಲ್ಲ ಎದ್ದಿದ್ದರು. ಗೋವಿಂದ ನೆಲದ ಮೇಲೆ ಕೂತು ಬಾಯಿ ಹಿಡಿದುಕೊಂಡು ನರಳುತ್ತಿದ್ದ. ಕೇಳುವವರಿಲ್ಲದೆ ಮೋಡೆಮ್ಮಿನ ದೀಪ ಮಿನುಗಿ ಮಿನುಗಿ, ಕೊನೆಗೆ ಆರಿತು.

ಸ್ವಲ್ಪ ಹೊತ್ತಿಗೆ ಫೋನು ಹೊಡೆಯಿತು.

ಸ್ಟೂಲನ್ನು ಕೈಯಲ್ಲಿ ಹಿಡಿದುಕೊಂಡೇ ಚಂದ್ರಕಾಂತ ರೂಢಿಯ ದನಿಯಲ್ಲಿ "ಹಲೋ, ಔರಾದ್ರಿ," ಅಂದ. ಕೇಳಿಸಿಕೊಂಡ. ರಿಸೀವರನ್ನು ಮುಂದೆ ಚಾಚಿ, "ಏಕನಾಥನ ಮನಿಯವರಿಗಿ," ಅಂದ.

ಪಂಢರಿ ವೈರು ಬಿಸಾಡಿ ಕಸಿದುಕೊಂಡ. "ಅಣ್ಣಾ."

"ನಾ ಸುಭಾನ," ಅಂತು ಆ ಕಡೆಯ ದನಿ. "ಸರಕಾರಿ ದವಾಖಾನಿ ಹೊರಗಿಂದ ಮಾತಾಡ್ಲತೇನಿ. ವಾರ ಪೂರ್ತಿ ಅಡಗಿದ್ದೆ, ಇವತ್ತ ಏಕನಾಥ ಇಲ್ಲಿ ಸಿಕ್ಕ. ಜೀವ ಅದ ಪಂಢರಿ. ಮೊದಲ ಅದು ಕೇಳಕೋ, ಜೀವ ಅದ. ಎರಡೂ ಕಾಲ ಮುರದಾರ. ಮಾರಿ ಗುರ್ತ ಸಿಗಂಗಿಲ್ಲ. ಮೇಸ್ತ್ರಿ ಮಂದೀನೇ ತಂದು ಗೇಟಿನ ಮುಂದ ಒಗದು ಹೋದ್ರು."

"ಯಾವಾಗ?"

"ಹೋದ ಐತ್ವಾರ. ಗೋಡಿ ಹಾರಿ ಬಂದು ನಾಕಕ್ಕ ಬೂತಿನ್ಯಾಗ ನಿಂತಿದ್ವಿ. ಹಚ್ಚೇ ಹಚ್ಚಿದ್ವಿ. ಎಂಗೇಜ್. ನಾ ಅಂದೆ, ನಡಿ ಓಡಿ ಹೋಗೋಣ, ಬಸ್ ಹಿಡಿಯೋಣ. ಅಂವ ಒಲ್ಲೆ ಅಂದ. ನಮ್ಮ ಪಂಢರಿ ಅಲ್ಲೇ ಕುಂತಿರ್ತಾನ, ಲೈನ್ ಎಲ್ಲಾ ಅಂವನ ಕೈಯಾಗೇ ಅದ, ಇನ್ನೊಮ್ಮೆ ಹಚ್ಚು ಅಂದ. ಐದೂವರಿ ತನಾ ಹಚ್ಚಿದ್ವಿ. ಆಮ್ಯಾಲ ಅವರು ಬಂದ್ರು. ನಾ ಹಾರಿ ಹೋದೆ. ಅಂವನ ಕೈಯಾಗ ಇನ್ನಾ ರಿಸೀವರ್ ಇತ್ತು."

ಸುಭಾನ ಅಳುತ್ತಿದ್ದನೋ ಬೈಯುತ್ತಿದ್ದನೋ ತಿಳಿಯುವಂತಿರಲಿಲ್ಲ.

"ಅಲ್ಲಪಾ, ದೀಡ ತಾಸು. ಯಾರ ಜೋಡಿ ಮಾತಾಡ್ಲತಿದ್ರಿ ನೀವು?"

ಪಂಢರಿ ರಿಸೀವರನ್ನು ಕಿವಿಯಿಂದ ಇಳಿಸಿ, ಅದರ ಮೇಲಿನ ರಕ್ತವನ್ನು ಹರಿದ ಅಂಗಿಗೆ ಒರೆಸಿ, ತಾಯಿಯ ಕೈಯಲ್ಲಿಟ್ಟ. ಬಾಗಿಲ ಕಡೆ ನಡೆದ. ಸ್ಟೂಲು ಹಿಡಿದವನೂ ಬದಿಗೆ ಸರಿದು ದಾರಿ ಬಿಟ್ಟ.

"ಪಂಢರಿ," ಹಿಂದಿನಿಂದ ಸುಭದ್ರಾಬಾಯಿಯ ದನಿ ಬಂತು. "ಸುಭಾನ ಏನೋ ಕೇಳ್ಲತಾನ. ಹೇಳಿ ಹೋಗು ತಮ್ಮಾ."

ಹೊಸ್ತಿಲ ಹೊರಗೆ ಎಲ್ಲರ ಚಪ್ಪಲಿಗಳು ರಾಶಿ ಬಿದ್ದಿದ್ದವು. ಅವನು ತನ್ನದನ್ನು ಹುಡುಕಲಿಲ್ಲ. ಆಚೆ ಬಸ್‌ಸ್ಟ್ಯಾಂಡಿನಲ್ಲಿ ಬೀದರ ಬಸ್ಸು ನಿಂತಿತ್ತು. ಕಂಡಕ್ಟರು ಬಾಗಿಲು ಬಡಿದು ಜನರನ್ನು ಕರೆಯುತ್ತಿದ್ದ. ರಸ್ತೆಯ ಬದಿಗೆ ಉದ್ದಕ್ಕೂ ಬೇವಿನ ಮರಗಳ ನೆರಳು ಚಾಚಿತ್ತು. ಅವನು ನಡುರಸ್ತೆಯ ಕಾದ ಡಾಂಬರಿನ ಮೇಲೆಯೇ ಬರಿಗಾಲಲ್ಲಿ ನಡೆದ, ನಿಧಾನವಾಗಿ, ಹೆಜ್ಜೆಯನ್ನು ಪೂರಾ ಊರಿ.